ಪುಟ್ಟಿಯ ಡಬ್ಬಿ

ಜನವರಿ 9

ದೊಡ್ಡಮ್ಮಾ,

ಮೊದಲು ಒಳ್ಳೆಯ ಸುದ್ದಿ, ಆಮೇಲೆ ಬೇಡಿಕೆ. ಬೇಡಿಕೆ ಮೊದಲು ಹೇಳಿದರೆ ನೀನು ಕಾಗದ ಮಡಿಸಿ ಹೊಲಿಗೆ ಯಂತ್ರದ ಡ್ರಾದೊಳಗೆ ಹಾಕಿಬಿಡುತ್ತೀಯ. ಫೋನಿನಲ್ಲಿ ಹೇಳೋಣವೆಂದರೆ ಯಂತ್ರದ ಸದ್ದಿಗೆ ನಿನ್ನ ಕಿವಿ ಹೋಗಿ ವರ್ಷಗಳಾದವು. ನಾನು ಒಂದು ಹೇಳಿದರೆ ನೀನು ಇನ್ನೊಂದಕ್ಕೆ "ಆಯ್ತು, ಇಡ್ತೀನಿ" ಎನ್ನುತ್ತೀಯ.

ಪುಟ್ಟಿ ರಕ್ತ ಪರೀಕ್ಷೆಯ ಚೀಟಿ ಕಳಿಸಿದ್ದಾಳೆ. ಗಂಡ ಹಡಗು ಹತ್ತಿ, ಇವಳು ಬಸುರಿಯಾಗಿ, ನಮ್ಮಿಬ್ಬರನ್ನೂ ಸಾಕಿದ ನಿನ್ನ ಮನೆಗೆ ಬಂದಾಗ ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿತ್ತು. ಆರೋಗ್ಯ ಕೇಂದ್ರದ ನರ್ಸಮ್ಮ ನನಗೇ ಫೋನ್ ಮಾಡಿ, "ತಂಗಿ ಮುಖ ಸುಣ್ಣ ಬಳಿದ ಗೋಡೆ ಆಗಿದೆ, ನೀವು ಯಾವ ಲೋಕದಲ್ಲಿದ್ದೀರಿ" ಎಂದು ಬೈದಿದ್ದರು. ಈಗ ಹನ್ನೊಂದು. ನರ್ಸಮ್ಮ ತಮ್ಮ ಮಾತ್ರೆಗಳ ಮಹಿಮೆ ಎಂದುಕೊಂಡಿದ್ದಾರೆ. ಆದರೆ ಪುಟ್ಟಿ ನನಗೆ ಗುಟ್ಟಾಗಿ ಹೇಳಿದಳು. ಅವಳು ಆ ಮಾತ್ರೆಗಳನ್ನು ಮುಟ್ಟಿಯೇ ಇಲ್ಲವಂತೆ. ನುಂಗಿದರೆ ವಾಂತಿ, ಅದಕ್ಕೆ ಎಲ್ಲವನ್ನೂ ದಿಂಬಿನ ಚೀಲದೊಳಗೆ ತುರುಕುತ್ತಾಳಂತೆ. ತಿನ್ನುವುದು ನಿನ್ನ ಹಸಿರು ಪುಡಿ ಮಾತ್ರ, ಬೆಳಗ್ಗೆ ಸಂಜೆ ಒಂದೊಂದು ಚಮಚ. ಇದನ್ನು ನಿನಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಾಳೆ, ಆದ್ದರಿಂದ ಹೇಳುತ್ತಿದ್ದೇನೆ.

ನನ್ನ ಕೆಲಸ ಏನೆಂದು ನಿನಗೆ ಗೊತ್ತು. ಜನ ತರುವ ನಾಟಿ ಮದ್ದು, ಬೇರು, ತೊಗಟೆ, ಬಾಣಂತಿಯ ಪಥ್ಯದ ಹಿಟ್ಟು, ಇವುಗಳಲ್ಲಿ ನಿಜವಾಗಿ ಏನಿದೆ ಎಂದು ನೋಡಿ ಬರೆಯುವುದು. ಹೆಚ್ಚಿನವಕ್ಕೆ "ವಿಶೇಷವೇನಿಲ್ಲ" ಎಂದು ಬರೆದು ಬರೆದು ಕೈ ಸೋತಿದೆ. ಅಜ್ಜಿಯರು ತಂದ ಪೊಟ್ಟಣದ ಮೇಲೆ ಆ ಮಾತು ಬರೆಯುವಾಗ ಪ್ರತಿ ಸಲವೂ ನನಗೆ ನಾನೇ ದುಷ್ಟಳಂತೆ ಕಾಣುತ್ತೇನೆ. ಇಲ್ಲಿ ನೋಡಿದರೆ ನಮ್ಮ ಮನೆಯಲ್ಲೇ ನಿಜವಾಗಿ ಗುಣ ಕೊಡುವ ಮದ್ದು ಇದೆ, ನಾನು ತಿರುಗಿಯೂ ನೋಡಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗಾಯಿತು.

ಬೇಡಿಕೆ ಇಷ್ಟೆ: ಎರಡು ಹಿಡಿ ಪುಡಿ, ಮತ್ತು ಅದಕ್ಕೆ ಏನೇನು ಹಾಕುತ್ತೀಯ ಎಂಬುದು.

ನಿನ್ನ ದೊಡ್ಡವಳು


ಜನವರಿ 20

ದೊಡ್ಡವಳಿಗೆ,

ನಿನ್ನ ಕಾಗದ ಓದಿ ಹಾಗೇ ಇಟ್ಟೆ. ಮೂರು ಸಲ ಓದಿದೆ ಎನ್ನುವುದನ್ನು ಪುಟ್ಟಿಗೆ ಹೇಳಬೇಡ, ಅವಳು ಆಡಿಕೊಳ್ಳುತ್ತಾಳೆ.

ಪುಡಿಯಲ್ಲಿ ಏನಿದೆ ಮಹಾ. ನೆರಳಲ್ಲಿ ಒಣಗಿಸಿದ ನುಗ್ಗೆ ಸೊಪ್ಪು, ಹುರಿದ ಎಳ್ಳು, ಒಣ ನೆಲ್ಲಿಕಾಯಿ, ಒಂದಿಷ್ಟು ಖರ್ಜೂರ. ನಮ್ಮಮ್ಮ ಕೆರೆಯ ಬದಿಯಲ್ಲಿ ಸಿಗುವ ಒಂದು ಕಹಿ ಬೇರನ್ನು ಚಿಟಿಕೆಯಷ್ಟು ಹಾಕುತ್ತಿದ್ದಳು, ನಾನೂ ಹಾಕುತ್ತೇನೆ. ಯಾಕೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೀದಿಯವರು ನನ್ನನ್ನು ಪುಡಿಯಮ್ಮ ಎನ್ನುತ್ತಾರೆ. ಎಷ್ಟು ಪರದೆ ಹೊಲಿದೆ, ಎಷ್ಟು ಮಕ್ಕಳ ಶಾಲೆ ಬಟ್ಟೆ ಹೊಲಿದೆ, ದರ್ಜಿಯಮ್ಮ ಎಂದು ಯಾರೂ ಅನ್ನಲಿಲ್ಲ.

ಜಾಡಿಯಿಂದ ತೆಗೆದು ಕಳಿಸಿದ್ದೇನೆ. ಚೀಲ ಉಳಿಕೆ ಬಟ್ಟೆಯಲ್ಲಿ ಹೊಲಿದದ್ದು, ಬಾಯಿ ಗಟ್ಟಿಯಾಗಿ ಕಟ್ಟಿದೆ. ಆದರೆ ಮಗಳೇ, ಇದರಿಂದ ದೊಡ್ಡದೇನೋ ಹೊರಡುತ್ತದೆ ಎಂದು ಕಾಯಬೇಡ. ಪುಟ್ಟಿಗೆ ಚಿಕ್ಕ ವಯಸ್ಸು, ಹೊಟ್ಟೆ ತುಂಬ ಉಣ್ಣುತ್ತಾಳೆ, ಮಧ್ಯಾಹ್ನ ಗೊರಕೆ ಹೊಡೆದು ಮಲಗುತ್ತಾಳೆ. ರಕ್ತ ಏರದೆ ಇನ್ನೇನಾಗುತ್ತದೆ. ಅದನ್ನು ಪುಡಿಯ ತಲೆಗೆ ಕಟ್ಟಬೇಡ.

ನೀನು ಕೇಳಿ ಬರೆದದ್ದು ನನಗೆ ಸಂತೋಷವಾಯಿತು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ನಿನ್ನ ದೊಡ್ಡಮ್ಮ


ಫೆಬ್ರವರಿ 14

ದೊಡ್ಡಮ್ಮಾ,

ನಿನ್ನ ಪುಡಿಗೆ ನಾನು ಏನೇನು ಮಾಡಿದೆ ಎಂದು ಕೇಳಿದರೆ ಅಜ್ಜಿ ಎದ್ದು ಬಂದು ನನ್ನ ಕಿವಿ ಹಿಂಡುತ್ತಾಳೆ.

ತೂಗಿದೆ. ಕುಲುಮೆಯಲ್ಲಿಟ್ಟು ಬೂದಿ ಮಾಡಿದೆ. ಬೂದಿಯನ್ನು ಆಮ್ಲದಲ್ಲಿ ಕರಗಿಸಿ ಒಂದು ದ್ರವ ಸೇರಿಸಿದರೆ ಕಬ್ಬಿಣ ಇದ್ದಷ್ಟೂ ಕಿತ್ತಳೆ ಬಣ್ಣ ಏರುತ್ತದೆ. ನಿನ್ನದು ತಿಳಿ ಕಿತ್ತಳೆ. ಒಳ್ಳೆಯ ಸೊಪ್ಪಿನಲ್ಲಿ ಎಷ್ಟಿರಬೇಕೋ ಅಷ್ಟು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ದಿನಕ್ಕೆ ಎರಡು ಚಮಚ ತಿಂದರೆ ಒಬ್ಬ ಬಸುರಿಗೆ ಬೇಕಾದುದರಲ್ಲಿ ಮೂಲೆಗೂ ಸಾಲುವುದಿಲ್ಲ. ಕಣ್ಣಲ್ಲಿ ನೀರೇ ಬಂತು, ನಾಚಿಕೆ ಬಿಟ್ಟು ಹೇಳುತ್ತೇನೆ. ನಿನ್ನ ಪೊಟ್ಟಣದ ಮೇಲೂ "ವಿಶೇಷವೇನಿಲ್ಲ" ಎಂದು ಬರೆಯಬೇಕಲ್ಲ ಎಂದು ಲೇಖನಿ ಹಿಡಿದು ಕುಳಿತೆ.

ಆಗ ತಲೆಗೆ ಹೊಳೆಯಿತು. ಕಬ್ಬಿಣ ಇಷ್ಟು ಕಡಿಮೆ, ಆದರೂ ಪುಟ್ಟಿಯ ರಕ್ತ ಅಷ್ಟು ಏರಿದೆ. ಅಂದರೆ ಇರುವ ಸ್ವಲ್ಪವನ್ನೇ ಮೈ ಪೂರ್ತಿ ಹೀರಿಕೊಳ್ಳುವಂತೆ ಮಾಡುವ ಇನ್ನೇನೋ ಇದರಲ್ಲಿದೆ. ನೆಲ್ಲಿಕಾಯಿಯ ಹುಳಿ ಆ ಕೆಲಸ ಮಾಡುತ್ತದೆ, ಅದು ಎಲ್ಲರಿಗೂ ಗೊತ್ತು, ಆದರೆ ಅದೊಂದರಿಂದ ಇಷ್ಟಾಗದು. ಹಾಗಾದರೆ ಉಳಿದದ್ದು ಅಜ್ಜಿಯ ಕಹಿ ಬೇರು. ಪುಡಿಯ ಸಾರವನ್ನು ತಟ್ಟೆಯ ಮೇಲೆ ಹರಿಸಿ ನೇರಳೆ ದೀಪದ ಕೆಳಗಿಟ್ಟರೆ ಮೂರು ಹೊಳೆಯುವ ಚುಕ್ಕೆಗಳು. ಎರಡಕ್ಕೆ ಹೆಸರು ಗೊತ್ತು. ಮೂರನೆಯದಕ್ಕೆ ನಮ್ಮ ಪಟ್ಟಿಯಲ್ಲಿ ಹೆಸರಿಲ್ಲ.

ನಮ್ಮ ಮುಖ್ಯಸ್ಥರನ್ನು ನಾವು ಹಿಂದಿನಿಂದ ತಕ್ಕಡಿ ಎನ್ನುತ್ತೇವೆ, ಮಾತನ್ನೂ ತೂಗಿ ಆಡುವ ಮನುಷ್ಯ. ಅವರು ಕೇಳಿದ್ದು ಎರಡೇ ಮಾತು. "ಒಬ್ಬಳ ರಕ್ತ ನೋಡಿ ಊರಿಗೆಲ್ಲ ಮದ್ದು ಹೇಳ್ತೀಯಾ?" ಇದು ಒಂದು. "ನಿನ್ನ ತಂಗಿ ತಿಂದ ಡಬ್ಬಿಯದೇನಾ ಇದು?" ಇದು ಇನ್ನೊಂದು. ನಾನು ನಕ್ಕು, "ಸಾರ್, ನಮ್ಮ ಮನೆಯಲ್ಲಿ ಇರೋದು ಒಂದೇ ಜಾಡಿ" ಎಂದೆ.

ಮುಂದಿನ ವಾರ ಸಭೆಯಲ್ಲಿ ಮಾತಾಡುತ್ತೇನೆ. ಪತ್ರಿಕೆಯವರೂ ಬರುತ್ತಾರೆ. ನಿನ್ನ ಮಗಳು ಮೊದಲ ಸಲ "ವಿಶೇಷವಿದೆ" ಎಂದು ಹೇಳಲಿದ್ದಾಳೆ.

ನಿನ್ನ ದೊಡ್ಡವಳು


ಫೆಬ್ರವರಿ 22

ದೊಡ್ಡವಳೇ,

ಸಭೆ ಆಗಿಹೋಯಿತೋ ಇಲ್ಲವೋ ಗೊತ್ತಿಲ್ಲ. ಆಗಿಲ್ಲದಿದ್ದರೆ ಮಾತಾಡಬೇಡ.

ಆ ಬೇರಿನಲ್ಲಿ ಏನೂ ಇರಲಿಕ್ಕಿಲ್ಲ. ನಮ್ಮಮ್ಮ ಅದನ್ನು ಹುಳ ಬೀಳದಿರಲಿ ಎಂದು ಹಾಕುತ್ತಿದ್ದಳೋ ಏನೋ. ಪತ್ರಿಕೆಗೆ ಹೋಗುವುದಾದರೆ ಬಸುರಿಯರು ಮಾತ್ರೆ ಬಿಡಬಾರದು ಎಂದು ಮೊದಲ ಸಾಲಿನಲ್ಲೇ ಬರೆಸು. ಯಾಕೆ ಎಂದು ಕೇಳಬೇಡ. ದೊಡ್ಡವರು ಹೇಳಿದ್ದನ್ನು ಒಂದು ಸಲ ಕೇಳಿದರೆ ನಿನ್ನ ವಿದ್ಯೆ ಏನೂ ಸವೆಯುವುದಿಲ್ಲ.

ದೊಡ್ಡಮ್ಮ


ಮಾರ್ಚ್ 10

ದೊಡ್ಡಮ್ಮಾ,

ನಿನ್ನ ಕಾಗದ ಬರುವಷ್ಟರಲ್ಲಿ ಸಭೆ ಮುಗಿದಿತ್ತು. ಪತ್ರಿಕೆಯ ತುಣುಕು ಇದರೊಳಗಿದೆ. ಫೋಟೋದಲ್ಲಿ ನಾನು ಕಣ್ಣು ಮುಚ್ಚಿದ್ದೇನೆ, ಅದನ್ನು ಬಿಟ್ಟು ಉಳಿದದ್ದು ಚೆನ್ನಾಗಿದೆ.

ತಲೆಬರಹ ನೋಡಿದೆಯಾ, "ಮಾತ್ರೆಗೆ ಸೆಡ್ಡು ಹೊಡೆದ ಅಡುಗೆಮನೆ ಪುಡಿ". ನಾನು ಹಾಗೆ ಹೇಳಿಲ್ಲ. ನಾನು ಹೇಳಿದ್ದು "ಸಾಧ್ಯತೆ ಇದೆ, ಇನ್ನೂ ನೋಡಬೇಕು" ಎಂದು. ವರದಿಗಾರ ಚಿಕ್ಕ ಹುಡುಗ, ಉತ್ಸಾಹದಲ್ಲಿ ಸ್ವಲ್ಪ ಹೆಚ್ಚೇ ಹಾಕಿದ. ತಕ್ಕಡಿಯವರು ತಿದ್ದುಪಡಿ ಕಳಿಸು ಎಂದರು. ಕಳಿಸುತ್ತೇನೆ, ಅಂಥ ಅವಸರವೇನಿಲ್ಲ. ನಿಜ ಹೇಳಬೇಕೆಂದರೆ, ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಗುರುತಿಲ್ಲದವರು ನನ್ನನ್ನು ನಿಲ್ಲಿಸಿ "ನೀವೇ ಅಲ್ವಾ" ಎಂದು ಕೇಳುವಾಗ ನನಗೆ ಹಿತವಾಗುತ್ತದೆ.

ಒಂದು ಬೇಸರ ಮಾತ್ರ ಇದೆ. ಲೋಕವೆಲ್ಲ ಹೊಗಳುವಾಗ ನೀನೊಬ್ಬಳು ಯಾಕೆ ಹೀಗೆ ಹಿಂಜರಿಯುತ್ತೀಯ? ನಾನು ನಿನ್ನ ಪುಡಿಯನ್ನು ಕುಲುಮೆಗೆ ಹಾಕಿದೆ ಎಂದು ಕೋಪವೇ? ಅಥವಾ ನನ್ನಂಥವಳ ಹೊಗಳಿಕೆ ಬೇಡವೇ? ಇದ್ದದ್ದನ್ನು ಬಿಡಿಸಿ ಬರೆ. ಇನ್ನೊಂದು ಹಿಡಿ ಪುಡಿಯನ್ನೂ ಕಳಿಸು. ಮೂರನೆಯ ಚುಕ್ಕೆ ಏನೆಂದು ಹಿಡಿಯಲೇಬೇಕು.

ನಿನ್ನ ದೊಡ್ಡವಳು


ಏಪ್ರಿಲ್ 4

ಅಕ್ಕಾ,

ದೊಡ್ಡಮ್ಮ ನಿನಗೆ ಉತ್ತರ ಬರೆಯುತ್ತಿಲ್ಲ ಎಂದು ನನಗೆ ಗೊತ್ತು. ಬರೆಯಲು ಕೂರುತ್ತಾಳೆ, ಏಳುತ್ತಾಳೆ, ಯಾರದೋ ಪರದೆಗೆ ಅಂಚು ಹೊಲಿಯುತ್ತಾಳೆ. ನಿನ್ನೆ ಒಂದೇ ಪರದೆಗೆ ಎರಡು ಸಲ ಅಂಚು ಹೊಲಿದಳು. ಕೇಳಿದರೆ "ಗಟ್ಟಿ ಇರ್ಲಿ ಬಿಡು" ಅಂದಳು.

ನೀನು ಹಚ್ಚಿದ ಬೆಂಕಿ ಇಲ್ಲಿ ಚೆನ್ನಾಗಿ ಉರಿಯುತ್ತಿದೆ. ಬೀದಿಯಲ್ಲಿ ಬಸುರಿಯರು, ಬಸುರಿಯರ ಅತ್ತೆಯರು, ಬಸುರಿಯಾಗಲು ಇಷ್ಟಪಡುವವರು, ಎಲ್ಲರೂ ಪತ್ರಿಕೆ ಹಿಡಿದು ಬಾಗಿಲಿಗೆ ಬರುತ್ತಾರೆ. ದೊಡ್ಡಮ್ಮ ಮೊದಲು ಇಲ್ಲ ಅನ್ನುತ್ತಾಳೆ, ಆಮೇಲೆ ಬೈಯುತ್ತಾಳೆ, ಆಮೇಲೆ ಕೊಡುತ್ತಾಳೆ. ಮೂಲೆಯ ಬೇಕರಿಯವರ ಸೊಸೆ ಗೊತ್ತಲ್ಲ, ಉದ್ದ ಜಡೆಯವಳು? ನನಗೆ ಒಂಬತ್ತಾದರೆ ಅವಳಿಗೆ ಏಳನೇ ತಿಂಗಳು, ರಕ್ತ ಕಡಿಮೆ. ಅವಳಂತೂ ದೊಡ್ಡಮ್ಮನನ್ನು ಡಾಕ್ಟ್ರಮ್ಮ ಎಂದೇ ಕರೆಯುತ್ತಾಳೆ. ಬರುವಾಗೆಲ್ಲ ಬಿಸಿ ಬನ್ನು ತರುತ್ತಾಳೆ, ಅದರ ಲಾಭ ಮಾತ್ರ ನನಗೆ.

ನೀನು ಕೇಳಿದ ಪುಡಿಯನ್ನು ದೊಡ್ಡಮ್ಮ ಕಳಿಸುವ ಹಾಗೆ ಕಾಣುವುದಿಲ್ಲ. ಅದಕ್ಕೇ ನನ್ನ ಡಬ್ಬಿಯಿಂದ ಕದ್ದು ಕಳಿಸುತ್ತಿದ್ದೇನೆ. ನನಗೆ ಬೇರೆ ಡಬ್ಬಿ, ನೀಲಿ ಮುಚ್ಚಳದ್ದು. ಮೇಲಿನ ಅಟ್ಟದಲ್ಲಿರುತ್ತದೆ, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ನನಗೆ ಹಾಕಿ ಕೊಡುವುದೂ ಅವಳೇ. ನಾನು ಸ್ಟೂಲ್ ಹತ್ತಿ ತೆಗೆದೆ. ಹೊಟ್ಟೆ ಹೊತ್ತು ಸ್ಟೂಲ್ ಹತ್ತಿದ್ದು ಗೊತ್ತಾದರೆ ನನ್ನ ಕಥೆ ಮುಗಿಯಿತು.

ಜಾಡಿಯ ಪುಡಿಗಿಂತ ಇದು ಸ್ವಲ್ಪ ಒಗರು, ನಾಲಿಗೆಗೆ ಬೀಗದಕೈ ಚೀಪಿದ ಹಾಗೆ. ನನಗೆಂದು ಆ ಬೇರನ್ನು ಹೆಚ್ಚು ಹಾಕಿರಬೇಕು. ನಿನ್ನ ಚುಕ್ಕೆ ಇದರಲ್ಲಿ ದೊಡ್ಡದಾಗಿ ಕಾಣಬಹುದು.

ನಿನ್ನ ಪುಟ್ಟಿ


ಏಪ್ರಿಲ್ 15

ದೊಡ್ಡಮ್ಮಾ,

ಪುಟ್ಟಿ ನೀಲಿ ಮುಚ್ಚಳದ ಡಬ್ಬಿಯಿಂದ ಒಂದು ಹಿಡಿ ಕಳಿಸಿದಳು. ಅವಳನ್ನು ಬೈಯಬೇಡ.

ಇದರ ಬೂದಿಯೇ ಬೇರೆ ಬಣ್ಣ, ಇಟ್ಟಿಗೆ ಕೆಂಪು. ದ್ರವ ಹಾಕಿದೊಡನೆ ಗಾಜಿನ ಕೊಳವೆಯಲ್ಲಿ ಕಿತ್ತಳೆಯಲ್ಲ, ಕೆಂಪು ಶಾಯಿ ಸುರಿದ ಹಾಗಾಯಿತು. ನಾನು ಏನೋ ಚೆಲ್ಲಿದೆ ಎಂದುಕೊಂಡೆ. ಮತ್ತೆ ಮಾಡಿದೆ, ಹಾಗೇ ಬಂತು. ಆಮೇಲೆ ಮಸೂರದ ಕೆಳಗೆ ಪುಡಿಯನ್ನು ಹರಡಿ ನೋಡಿದೆ. ಹಸಿರಿನ ನಡುವೆ ಅಲ್ಲಲ್ಲಿ ಕೆಂಪು ಸಿಪ್ಪೆ, ನುಣ್ಣಗೆ ಒಂದು ಬದಿ ಬಾಗಿದ್ದು. ಯಾವ ಗಿಡದಲ್ಲೂ ಇಂಥ ಸಿಪ್ಪೆ ಬೆಳೆಯುವುದಿಲ್ಲ. ಅದು ಮಾತ್ರೆಯ ಹೊರಗಿನ ಬಣ್ಣ. ಮಾತ್ರೆಯಲ್ಲಿ ಕಬ್ಬಿಣದ ಜೊತೆಗೆ ಹಾಕುವ ಫೋಲಿಕ್ ಆಮ್ಲವೂ ಸಿಕ್ಕಿತು. ಇನ್ನು ಅನುಮಾನಕ್ಕೆ ಎಡೆಯಿಲ್ಲ.

ನೀನು ದಿಂಬಿನ ಚೀಲ ಬಿಚ್ಚಿದ್ದೀಯ. ಅಲ್ಲವೇ?

ಕೋಪದಲ್ಲಿ ಬರೆಯಬಾರದೆಂದು ಮೂರು ದಿನ ಕಾದೆ. ಕೋಪ ಹೋಯಿತು. ಉಳಿದದ್ದು ಅದಕ್ಕಿಂತ ಕೆಟ್ಟದ್ದು. ನಮ್ಮ ಕೆಲಸದ ಮೊದಲ ಪಾಠ, ರೋಗಿ ತಿಂದದ್ದು ಯಾವುದೋ ಅದನ್ನೇ ಪರೀಕ್ಷಿಸು ಎಂಬುದು. ಹೊಸಬರಿಗೆ ಮೊದಲ ದಿನ ಹೇಳುವ ಮಾತು ಅದು. ತಕ್ಕಡಿಯವರು ಬಾಯಿಬಿಟ್ಟು ಕೇಳಿದರು. ನಾನು ನಕ್ಕೆ. ಪುಟ್ಟಿಗೆ ಒಂದು ಸಾಲು ಬರೆದು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ, ಯಾಕೆಂದರೆ ನನಗೆ ಬೇಕಾದ ಉತ್ತರ ನನ್ನ ಕೈಯಲ್ಲಾಗಲೇ ಇತ್ತು. ಇಲ್ಲದ ಒಂದು ಮಹಿಮೆಯನ್ನು ಬೇರಿನ ತಲೆಗೆ ಕಟ್ಟಿದೆ. ಆ ಮೂರನೆಯ ಚುಕ್ಕೆ ಏನು ಗೊತ್ತೇ? ಬರಿಯ ಹಳೆಯ ಎಳ್ಳೆಣ್ಣೆ.

ಇವತ್ತು ತಕ್ಕಡಿಯವರ ಮುಂದೆ ಹೋಗಿ ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿ, "ಎಷ್ಟು ಜನ ಮಾತ್ರೆ ಬಿಟ್ಟಿದ್ದಾರೆ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

ನೀನು ಯಾಕೆ ಹೇಳಲಿಲ್ಲ ದೊಡ್ಡಮ್ಮಾ? ಬೇಡ ಬೇಡ ಎಂದೆ, ಯಾಕೆ ಬೇಡ ಎಂದು ಹೇಳಲಿಲ್ಲ. ಎಷ್ಟು ಜನ ಬಿಟ್ಟಿದ್ದಾರೆ? ಬೇಕರಿಯವರ ಸೊಸೆ ಬಿಟ್ಟಿದ್ದಾಳೆಯೇ? ನರ್ಸಮ್ಮನಿಗೆ ಎರಡು ಸಲ ಫೋನ್ ಮಾಡಿದೆ, ಸಿಗಲಿಲ್ಲ. ಕೂಡಲೇ ಬರೆ.

ದೊಡ್ಡವಳು


ಏಪ್ರಿಲ್ 24

ದೊಡ್ಡವಳಿಗೆ,

ನಿನ್ನ ಕಾಗದ ಬಂದ ದಿನವೇ ಬೇಕರಿಯ ಮನೆಗೆ ಹೋದೆ. ಬಾಗಿಲಿಗೆ ಬೀಗ. ಹಿಂದಿನ ದಿನವೇ ಅವಳು ಒಲೆಯ ಮುಂದೆ ಕುಸಿದುಬಿದ್ದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ರಕ್ತ ಬಹಳ ಇಳಿದಿತ್ತಂತೆ. ದಿನ ತುಂಬುವ ಮುಂಚೆಯೇ ಮಗು ತೆಗೆದರು. ಹೆಣ್ಣು, ಎರಡು ಅಂಗೈಯಷ್ಟು. ಬೆಚ್ಚನೆಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅವಳಿಗೆ ಬೇರೆಯವರ ರಕ್ತ ಕೊಟ್ಟರು. ಇಬ್ಬರೂ ಉಳಿಯುತ್ತಾರೆ ಎನ್ನುತ್ತಾರೆ.

ಮಾತ್ರೆ ಬಿಟ್ಟವರು ಅವಳಲ್ಲದೆ ಇನ್ನೂ ಇದ್ದರು. ನಾನೂ ನರ್ಸಮ್ಮನೂ ಮನೆಮನೆಗೆ ಹೋಗಿ ಎಲ್ಲರನ್ನೂ ಹಿಡಿದೆವು. ಮತ್ತೆ ಶುರು ಮಾಡಿದ್ದಾರೆ. ನರ್ಸಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ಪ್ರತಿ ಮನೆಯಲ್ಲೂ ನನ್ನ ಮುಂದೆಯೇ ಮಾತ್ರೆ ನುಂಗಿಸಿದರು.

ಈಗ ನೀನು ಕೇಳಿದ್ದಕ್ಕೆ. ಹೌದು, ದಿಂಬಿನ ಗವಸು ಒಗೆಯಲು ತೆಗೆದಾಗ ಮಾತ್ರೆಗಳು ನೆಲದ ಮೇಲೆ ಉರುಳಿದವು. ಆ ವೇಳೆಗೆ ಪುಟ್ಟಿ ಒಂದು ತಿಂಗಳು ನನ್ನ ಪುಡಿ ತಿಂದಿದ್ದಳು, ಆದರೂ ಕಣ್ಣಿನ ಕೆಳಗಿನ ಬಿಳುಪು ಹೋಗಿರಲಿಲ್ಲ. ಬೈದರೆ ಅವಳು ಇನ್ನೊಂದು ಕಡೆ ಬಚ್ಚಿಡುತ್ತಾಳೆ ಅಷ್ಟೆ. ಅದಕ್ಕೇ ಒರಳಿನಲ್ಲಿ ಹಾಕಿ ಕುಟ್ಟಿ, ದಿನಕ್ಕೊಂದು ಮಾತ್ರೆಯ ಲೆಕ್ಕಕ್ಕೆ ಅವಳ ಪುಡಿಯಲ್ಲಿ ಬೆರೆಸಿದೆ. ಎಳ್ಳು ಖರ್ಜೂರದ ಜೊತೆ ಹೋದದ್ದಕ್ಕೋ ಏನೋ, ವಾಂತಿಯಾಗಲಿಲ್ಲ.

ಕುಟ್ಟುವಾಗ ಅತ್ತೆ. ನಮ್ಮಮ್ಮ ಕೊಟ್ಟ ವಿದ್ಯೆ ಅದು, ಎಷ್ಟೋ ಜನಕ್ಕೆ ಕೊಟ್ಟಿದ್ದೇನೆ, ಒಳ್ಳೆಯದಾಯಿತು ಎಂದವರಿದ್ದಾರೆ. ನನ್ನ ಮಗುವಿನ ಪ್ರಾಣಕ್ಕೆ ಬಂದಾಗ ನನಗೇ ಅದರ ಮೇಲೆ ನಂಬಿಕೆ ಸಾಲಲಿಲ್ಲ. ಈ ಮಾತನ್ನು ಯಾರ ಮುಂದೆ ಹೇಳಲಿ? ಪುಡಿಯಮ್ಮ ಮಾತ್ರೆ ಕುಟ್ಟಿದಳು ಎಂದರೆ ಬೀದಿ ನಗುವುದಿಲ್ಲವೇ.

ಆಮೇಲೆ ನಿನ್ನ ಕಾಗದ ಬಂತು. ನೀನು ದೊಡ್ಡ ಓದು ಓದಿದ ಮೇಲೆ ನನ್ನ ಕೆಲಸದ ಬಗ್ಗೆ ಒಂದು ಮಾತು ಕೇಳಿದವಳಲ್ಲ. ತಪ್ಪು ಎನ್ನುತ್ತಿಲ್ಲ, ನಿನಗೆ ನಿನ್ನದೇ ಕೆಲಸವಿತ್ತು. ಮೊದಲ ಸಲ ಕೇಳಿದೆ. ಅದೂ ಎಷ್ಟು ಆಸೆಯಿಂದ. ಜಾಡಿಯ ಪುಡಿ ಕಳಿಸಿದರೆ ನೀನೇ ನೋಡಿ ಏನೂ ಇಲ್ಲ ಎಂದು ಬಿಟ್ಟುಬಿಡುತ್ತೀಯ, ನಾನು ಬಾಯಿಬಿಡಬೇಕಾಗಿಲ್ಲ ಎಂದುಕೊಂಡೆ. ಏನೂ ಇಲ್ಲದ್ದರಲ್ಲೂ ನೀನು ಏನೋ ಕಂಡೆ. ಅಲ್ಲಿಂದ ಮುಂದೆ ಬಿಸಿ ತುಪ್ಪವಾಯಿತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಬೇಕರಿಯವಳಿಗೆ ಮಾತ್ರೆ ಬಿಡಬೇಡ ಎಂದು ನಾನು ಹೇಳಿದ್ದೆ. ಅವಳು ಪತ್ರಿಕೆ ತೋರಿಸಿ ನಕ್ಕಳು.

ಊಟ ಸೇರುತ್ತಿಲ್ಲ. ಪುಟ್ಟಿಗೆ ಇನ್ನೂ ಹೇಳಿಲ್ಲ.

ದೊಡ್ಡಮ್ಮ


ಮೇ 6

ದೊಡ್ಡಮ್ಮಾ,

ಪುಟ್ಟಿಗೆ ಗಂಡು ಮಗು, ಇಬ್ಬರೂ ಚೆನ್ನಾಗಿದ್ದಾರೆ ಎಂದು ನರ್ಸಮ್ಮ ಫೋನ್ ಮಾಡಿದರು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆ ಮಾತು ಮನಸ್ಸಿನಲ್ಲಿ ಬಂದ ಕೂಡಲೇ ಇನ್ನೊಂದು ಮಗು ನೆನಪಾಯಿತು. ನಮಗೆ ಈಗ ಸಂತೋಷವೂ ಹೀಗೆ ಅರ್ಧಕ್ಕೇ ನಿಲ್ಲುತ್ತದೆ.

ತಿದ್ದುಪಡಿ ಅಚ್ಚಾಯಿತು. ಕಳೆದುಹೋದ ಚೀಲ, ಮಾರಾಟಕ್ಕಿರುವ ಸೈಕಲ್ಲು, ಇವುಗಳ ನಡುವೆ ನಾಲ್ಕು ಸಾಲು. ಫೋಟೋ ಇಲ್ಲ. ಇನ್ನೂ ದೊಡ್ಡದಾಗಿ ಹಾಕಿ ಎಂದು ಪತ್ರಿಕೆಯ ಕಚೇರಿಗೇ ಹೋದೆ. "ಇಲ್ಲ ಅನ್ನೋದನ್ನ ಯಾರು ಓದ್ತಾರೆ ಮೇಡಂ" ಎಂದ ಆ ಹುಡುಗ. ಅವನನ್ನು ಏನೆಂದು ಬೈಯಲಿ, ಅವನ ತಲೆಬರಹವನ್ನು ಎರಡು ತಿಂಗಳು ಬಿಸಿಲು ಕಾಯಿಸಿಕೊಂಡ ಹಾಗೆ ಕಾಯಿಸಿಕೊಂಡವಳು ನಾನೇ. ನೀನು ಬೇಡವೆಂದ ದಿನವೇ ತಿದ್ದಿದ್ದರೆ ಬೇಕರಿಯವಳ ಕೈಯಲ್ಲಿ ನಿನಗೆ ತೋರಿಸಲು ಕಾಗದ ಇರುತ್ತಿರಲಿಲ್ಲ. ಆರೋಗ್ಯ ಕೇಂದ್ರದ ಬಾಗಿಲಿಗೆ ಅಂಟಿಸಲು ದೊಡ್ಡ ಅಕ್ಷರದಲ್ಲಿ ನಾನೇ ಬರೆದು ನರ್ಸಮ್ಮನಿಗೆ ಕಳಿಸಿದ್ದೇನೆ.

ಎರಡರಲ್ಲೂ "ಮಾದರಿ ಪಡೆಯುವಲ್ಲಿ ಪ್ರಯೋಗಾಲಯದ ವಿಶ್ಲೇಷಕಿಯ ತಪ್ಪು" ಎಂದಿದೆ. ನಿನ್ನ ವಿಷಯ ಇಲ್ಲ, ನೀಲಿ ಡಬ್ಬಿಯ ವಿಷಯ ಇಲ್ಲ. ನರ್ಸಮ್ಮನೂ ಹೇಳುವುದಿಲ್ಲ, ನಾನು ಕೇಳಿಕೊಂಡಿದ್ದೇನೆ. ನೀನು ಸುಮ್ಮನಿದ್ದುಬಿಡು. ಓದಿದವಳ ತಪ್ಪು ಎಂದರೆ ಜನ ನಾಲ್ಕು ದಿನ ಆಡಿ ಮರೆಯುತ್ತಾರೆ. ನೀನಾದರೋ ಆ ಬೀದಿಯಲ್ಲೇ ಬದುಕಬೇಕು.

ಮಗುವನ್ನು ನೋಡಲು ಬರಬೇಕು. ಟಿಕೆಟ್ ತೆಗೆಸಿದ್ದೆ, ರದ್ದು ಮಾಡಿದೆ. ಬಸ್ಸಿಳಿದು ನಿನ್ನ ಮನೆಗೆ ಬರಲು ಬೇಕರಿಯ ಮುಂದೆಯೇ ಹಾಯಬೇಕಲ್ಲ.

ನಿನ್ನ ದೊಡ್ಡವಳು


ಮೇ 21

ದೊಡ್ಡವಳಿಗೆ,

ನೀನು ನನ್ನನ್ನು ಉಳಿಸಲು ನೋಡಿದೆ. ಅದು ಓದಿ ನನಗೆ ಅಳು ಬಂತು, ಸಿಟ್ಟೂ ಬಂತು. ಬಟ್ಟೆ ಹರಿದ ಕಡೆ ತೇಪೆ ಹಾಕಬೇಕು, ಹರಿದದ್ದು ಕಾಣದಂತೆ ಮಡಿಸಿಟ್ಟರೆ ಆಗುತ್ತದೆಯೇ. ಪುಟ್ಟಿಗೆ ಹೇಳಿದೆ. ಅವಳು ಮಗುವಿಗೆ ಹಾಲು ಕೊಡುತ್ತಾ, "ನಾನು ಅವಳ ಬನ್ನು ತಿಂದೆನಲ್ಲ ದೊಡ್ಡಮ್ಮಾ" ಎಂದಳು. ಅವಳು ತಮಾಷೆ ಮಾಡದೆ ಆಡಿದ ಮಾತನ್ನು ನಾನು ಕೇಳಿದ್ದು ಅಪರೂಪ.

ಬೇಕರಿಯವಳು ಮನೆಗೆ ಬಂದಿದ್ದಾಳೆ. ಮಗುವನ್ನೂ ಗಾಜಿನ ಪೆಟ್ಟಿಗೆಯಿಂದ ತೆಗೆದು ಕೊಟ್ಟಿದ್ದಾರೆ. ನಾನು ಹೋಗಬೇಕು, ಇವತ್ತು ಹೋಗಬೇಕು, ನಾಳೆ ಹೋಗಬೇಕು ಎಂದುಕೊಳ್ಳುತ್ತಿರುವಾಗ ನಿನ್ನೆ ಬೆಳಗ್ಗೆ ಅವಳೇ ಬಂದಳು. ನಿನ್ನ ನಾಲ್ಕು ಸಾಲು ಅವಳು ನೋಡಿರಲಿಲ್ಲ. ಆರೋಗ್ಯ ಕೇಂದ್ರದ ಬಾಗಿಲ ಮೇಲೆ ಅಂಟಿಸಿದ್ದನ್ನು ನೋಡಿ, ಓದಿದವರು ಏನೋ ಎಡವಟ್ಟು ಮಾಡಿಕೊಂಡಿದ್ದಾರೆ ಪಾಪ, ನಿಮ್ಮದೇನು ತಪ್ಪು ಎಂದು ನನಗೇ ಸಮಾಧಾನ ಹೇಳಲು ಬಂದಿದ್ದಳು. ಹೆಗಲ ಮೇಲೆ ಮಗುವಿತ್ತು, ಕೈಯಲ್ಲಿ ಬನ್ನಿನ ಪೊಟ್ಟಣವಿತ್ತು.

ನಿಂತಲ್ಲೇ ಎಲ್ಲ ಹೇಳಿದೆ. ಕೂತುಕೋ ಎಂದೂ ಅನ್ನಲಿಲ್ಲ. ಕೂರಿಸಿದರೆ ಕಾಫಿ ಕೊಡಬೇಕು, ಕಾಫಿ ಕೊಟ್ಟರೆ ಬಾಯಿ ಮುಚ್ಚಿಹೋಗುತ್ತದೆ ಎಂದು ಹೆದರಿಕೆ. ದಿಂಬಿನ ಚೀಲ ಹೇಳಿದೆ, ಒರಳು ಹೇಳಿದೆ, ನೀಲಿ ಡಬ್ಬಿಯನ್ನು ಅಟ್ಟದಿಂದ ಇಳಿಸಿ ಅವಳ ಮುಂದೆ ಇಟ್ಟೆ.

ಅವಳು ಮಗುವನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡಳು. "ಅಂದ್ರೆ ಪುಡಿ ಒಂದೇ ಸಾಕಾಗಲ್ಲ ಅಂತ ನಿಮ್ಗೆ ಆಗ್ಲೇ ಗೊತ್ತಿತ್ತು," ಎಂದಳು.

"ಗೊತ್ತಿತ್ತಮ್ಮ."

"ನಾನು ಕೇಳಕ್ಕೆ ಬಂದಾಗ್ಲೂ?"

"ಆಗ್ಲೂ ಗೊತ್ತಿತ್ತು."

ಮಾತ್ರೆ ಬಿಡಬೇಡ ಎಂದು ಅವಳಿಗೆ ಹೇಳಿದ್ದೆ ಎಂದು ನಿನಗೆ ಬರೆದಿದ್ದೆನಲ್ಲ, ಅದು ಸುಳ್ಳಲ್ಲ. ಆದರೆ ಹೇಗೆ ಹೇಳಿದೆ ಎಂದು ಬರೆದಿರಲಿಲ್ಲ. ಅವಳು ಡಾಕ್ಟ್ರಮ್ಮಾ ಎಂದು ಕರೆದು ಕೈ ಚಾಚಿದಾಗ, ಪುಡಿಯನ್ನು ಮೊದಲು ಕೈಗೆ ಹಾಕಿ, ಆಮೇಲೆ ಹೇಳಿದೆ. ದಾರಿಯಲ್ಲಿ ಹುಷಾರು ಎನ್ನುತ್ತೇವಲ್ಲ, ಅಷ್ಟೇ ಹಗುರವಾಗಿ. ಕಾರಣ ಹೇಳಿದ್ದರೆ ಅವಳು ಕೇಳುತ್ತಿದ್ದಳು. ಕಾರಣ ಹೇಳಿದ್ದರೆ ಮತ್ತೆ ಡಾಕ್ಟ್ರಮ್ಮಾ ಎನ್ನುತ್ತಿರಲಿಲ್ಲ. ಇದನ್ನೂ ಅವಳಿಗೆ ಹೇಳಿದೆ.

ಅವಳು ಬೈಯುತ್ತಾಳೆ, ಡಬ್ಬಿ ಎತ್ತಿ ಎಸೆಯುತ್ತಾಳೆ ಎಂದು ಕಾದೆ. ಒಳಗೆ ಪುಟ್ಟಿಯ ಮಗು ಅಳುತ್ತಿತ್ತು, ಗಟ್ಟಿ ಧ್ವನಿ. ಅವಳದು ಹೆಗಲ ಮೇಲೆ ಸುಮ್ಮನೆ ಮಲಗಿತ್ತು. ಅವಳು ಒಳಗಿನ ಅಳುವನ್ನೇ ಕೇಳುತ್ತಾ ನಿಂತಿದ್ದು, ಬಹಳ ಮೆಲ್ಲಗೆ ಕೇಳಿದಳು.

"ನಂಗೂ ಮಾತ್ರೆ ಸೇರ್ತಿರ್ಲಿಲ್ಲ, ವಾಂತಿ ಆಗ್ತಿತ್ತು. ನಿಮ್ಗೆ ಹೇಳಿದ್ದೆ. ನಂದನ್ನೂ ತಂದುಕೊಡು, ಕುಟ್ಟಿ ಹಾಕ್ತೀನಿ ಅಂತ ಒಂದು ಮಾತು ಅನ್ಬೋದಿತ್ತಲ್ವಾ?"

ನಾನು ಆ ನೀಲಿ ಮುಚ್ಚಳವನ್ನೇ ನೋಡಿದೆ. ಅವಳೇ ಹೇಳಿದಳು. "ಪುಟ್ಟಿ ನಿಮ್ಮೋಳು. ನಾನು ಬೀದಿಯೋಳು. ಅಷ್ಟೇ ಅಲ್ವಾ?"

ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ನಿನ್ನ ದೊಡ್ಡಮ್ಮ